ಕಾಲಿನ ಹೆಬ್ಬೆರಳು

ವೈದ್ಯನಾಗಿ ರಾತ್ರಿ ಪಾಳಿಗೆ ಸೇರಿದ ಹೊಸದರಲ್ಲಿ, ಒಂದು ಬೆಳಗಿನ ಜಾವ ಹೊಟ್ಟೆನೋವೆಂದು ಯುವಕನೊಬ್ಬನನ್ನು ಕರೆತಂದರು. ನೆಲದ ಮೇಲೆ ಮಲಗಿದ್ದವನು ನೋವಿನಿಂದ ಎಚ್ಚರಗೊಂಡಿದ್ದನಂತೆ. ಮೈಮೇಲೆ ಊತವಾಗಲಿ ಗಾಯವಾಗಲಿ ಇರಲಿಲ್ಲ. ಅಜೀರ್ಣಕ್ಕೆ ಔಷಧ ಬರೆಯುವುದರಲ್ಲಿದ್ದೆ. ಆದರೆ ಅವನು ನನ್ನ ಮುಖ ನೋಡಲು ತಲೆಯನ್ನೇ ಹಿಂದಕ್ಕೆ ವಾಲಿಸುತ್ತಿದ್ದ. ರೆಪ್ಪೆಗಳು ಅರ್ಧ ಇಳಿದಿದ್ದವು. ಹಿರಿಯ ವೈದ್ಯರು ಬಂದು ನೋಡಿದವರೇ, "ಇದು ಕಟ್ಟುಹಾವಿನ ಕಡಿತ" ಎಂದರು. ಅದರ ಹಲ್ಲು ಎಷ್ಟು ಸಣ್ಣದೆಂದರೆ, ನಿದ್ದೆಯಲ್ಲಿರುವವರಿಗೆ ಕಚ್ಚಿದ್ದೂ ತಿಳಿಯದೆ ಹೋಗಬಹುದು.

ಪ್ರತಿವಿಷ ಕೊಟ್ಟೆವು. ಜೊತೆಗೆ ಅಟ್ರೋಪಿನ್ ಸಹಿತ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಕೊಟ್ಟು, ರೆಪ್ಪೆ ಮೇಲೇಳುವುದೇ ಎಂದು ಕಾದೆವು. ನರದ ತುದಿಯಲ್ಲಿ ಸಣ್ಣ ಚೀಲಗಳಲ್ಲಿ ತುಂಬಿರುವ ರಾಸಾಯನಿಕ ಸಂದೇಶವಾಹಕ ಅಸಿಟೈಲ್‌ಕೋಲಿನ್ ಹೊರಬಂದು, ಕಿರಿದಾದ ಸಂದನ್ನು ದಾಟಿ, ಸ್ನಾಯುವಿನ ಗ್ರಾಹಕಗಳಿಗೆ ಅಂಟಿಕೊಂಡಾಗಲೇ ಸ್ನಾಯು ಸಂಕುಚಿಸುತ್ತದೆ. ನಾಗರಹಾವಿನ ನಂಜು ಆ ಗ್ರಾಹಕಗಳನ್ನೇ ಆಕ್ರಮಿಸಿ ಕುಳಿತುಕೊಳ್ಳುತ್ತದೆ. ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ನಿಯೋಸ್ಟಿಗ್ಮಿನ್ ತಡೆದರೆ ಅದರ ಪ್ರಮಾಣ ಹೆಚ್ಚಿ, ಪೈಪೋಟಿಯಲ್ಲಿ ಕೆಲವೊಮ್ಮೆ ಗೆಲ್ಲುತ್ತದೆ. ನಮ್ಮ ಹುಡುಗನ ರೆಪ್ಪೆ ಕದಲಲಿಲ್ಲ. 1963ರಲ್ಲಿ ತೈವಾನಿನ ವಿಜ್ಞಾನಿಗಳಾದ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ವಿಷದಲ್ಲಿನ ನಂಜುಗಳಾದ ಆಲ್ಫಾ, ಬೀಟಾ ಬಂಗಾರೊಟಾಕ್ಸಿನ್‌ಗಳನ್ನು ಬೇರ್ಪಡಿಸಿದ್ದನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ಬೀಟಾ ಎಂಬುದರ ಅರ್ಥ ತಿಳಿದದ್ದು ಆ ಮಂಚದ ಪಕ್ಕದಲ್ಲಿ. ಅದು ನರದ ತುದಿಗೇ ಹಾನಿ ಮಾಡುತ್ತದೆ, ಚೀಲಗಳು ಬರಿದಾಗುತ್ತವೆ. ಹೊರಬರುವುದೇ ಏನೂ ಇಲ್ಲದಿದ್ದಾಗ ಕಿಣ್ವವನ್ನು ತಡೆದು ಪ್ರಯೋಜನವೇನು? ಪ್ರತಿವಿಷವೂ ರಕ್ತದಲ್ಲಿ ಓಡಾಡುತ್ತಿರುವ ನಂಜನ್ನು ಹಿಡಿಯಬಲ್ಲದೇ ಹೊರತು, ಆಗಿಹೋದ ಹಾನಿಯನ್ನು ಸರಿಪಡಿಸಲಾರದು.

ಅಷ್ಟರಲ್ಲಿ ಅವನ ಮಾತು ತೊದಲಿ, ಕತ್ತು ವಾಲಿ, ಉಗುಳು ನುಂಗುವುದೂ ನಿಂತಿತು. ಉಸಿರಾಟದ ಸ್ನಾಯುಗಳು ಸೋಲುವ ಮೊದಲೇ ವೆಂಟಿಲೇಟರ್ ಜೋಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅವನು ಚಿವುಟಿದರೂ ಅಲುಗಾಡುತ್ತಿರಲಿಲ್ಲ, ಅಗಲವಾದ ಪಾಪೆಗಳು ಬೆಳಕಿಗೆ ಕುಗ್ಗುತ್ತಿರಲಿಲ್ಲ. ನಾನು ಮಂಚದ ಪಕ್ಕದಲ್ಲೇ ನಿಂತು, "ಮೆದುಳು ಉಳಿದಿರುವುದು ಅನುಮಾನ" ಎಂದುಬಿಟ್ಟೆ. ಹಿರಿಯರು ನನ್ನನ್ನು ಗದರಲಿಲ್ಲ. ಅವನ ಕಿವಿಯ ಬಳಿ ಬಾಗಿ, "ನನ್ನ ಮಾತು ಕೇಳಿಸುತ್ತಿದ್ದರೆ ಕಾಲಿನ ಹೆಬ್ಬೆರಳು ಅಲ್ಲಾಡಿಸಪ್ಪ" ಎಂದರು. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಕೂದಲೆಳೆಯಷ್ಟು ಅಲುಗಿತು. ಈ ನಂಜು ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕವನ್ನು ಕಡಿಯುತ್ತದೆ. ಕಿವಿಯನ್ನೂ ಅರಿವನ್ನೂ ಮುಟ್ಟುವುದಿಲ್ಲ. ಓದಿದ್ದೆ, ಆದರೆ ಸ್ಥಿರವಾಗಿ ನಿಂತ ಪಾಪೆಗಳನ್ನು ಕಂಡು ಮರೆತಿದ್ದೆ.

ಆಮೇಲೆ ಉಳಿದದ್ದು ಕಾಯುವುದು. ನರದ ತುದಿಗಳು ಮತ್ತೆ ಚಿಗುರಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಶುಶ್ರೂಷಕಿಯರು ಪ್ರತಿ ಬಾರಿ ಮಗ್ಗುಲು ಬದಲಿಸುವಾಗಲೂ ಏನು ಮಾಡುತ್ತಿದ್ದೇವೆಂದು ಅವನಿಗೆ ಹೇಳುತ್ತಿದ್ದರು. ಐದನೆಯ ದಿನ ಬೆರಳುಗಳು, ಆಮೇಲೆ ಕತ್ತು, ರೆಪ್ಪೆ. ಕೊಳವೆ ತೆಗೆದ ಮರುದಿನ ಅವನು ಗೊಗ್ಗರು ದನಿಯಲ್ಲಿ, "ಅನುಮಾನ ಅಂದವರು ನೀವೇ ಅಲ್ವಾ ಡಾಕ್ಟ್ರೇ?" ಎಂದು ಕೇಳಿದ. ನಾನೇ ಎಂದು ಒಪ್ಪಿಕೊಂಡೆ.