112 ಬಂದದ್ದು ಎಲ್ಲಿಂದ?

ಮುಂಬೈಯ ದಾದರ್‌ನ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ಗಣಿತ ಹೇಳಿಕೊಡುತ್ತೇನೆ. ಸಂಜೆ ಏಳರ ಬ್ಯಾಚ್. ಆಫೀಸು ಮುಗಿಸಿ, ಲೋಕಲ್‌ನಲ್ಲಿ ಜಜ್ಜಿಸಿಕೊಂಡು, ವಡಾಪಾವ್ ತಿನ್ನುತ್ತಲೇ ಒಳಗೆ ಬರುವ ಮಕ್ಕಳು.

ಆ ದಿನದ ಪಾಠ ಪರ್ಮ್ಯುಟೇಶನ್, ಕಾಂಬಿನೇಶನ್. ಮೊದಲನೆಯದು ಎಷ್ಟು ಬಗೆಯಲ್ಲಿ ಸಾಲಾಗಿ ಜೋಡಿಸಬಹುದು ಎಂಬ ಲೆಕ್ಕ, ಅಲ್ಲಿ ಕ್ರಮ ಮುಖ್ಯ; ಎರಡನೆಯದು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದು, ಅಲ್ಲಿ ಕ್ರಮ ಮುಖ್ಯವಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಈಗಲೂ ಮೊದಲು ಬಾಯಿಗೆ ಬರುವುದು ಕ್ರಮಯೋಜನೆ, ವಿಕಲ್ಪ. ಲೆಕ್ಕವನ್ನು ನಿಂತಲ್ಲೇ ಹೊಸೆದೆ. ಕನ್ನಡ ಸಂಘವೊಂದರಲ್ಲಿ 5 ಗಂಡಸರು, 4 ಹೆಂಗಸರು. ಮೂವರ ಸಮಿತಿ ಮಾಡಬೇಕು, ಅದರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ಎಷ್ಟು ಬಗೆಯಲ್ಲಿ ಆಗುತ್ತದೆ?

ಮೊದಲು ಒಬ್ಬ ಹೆಂಗಸನ್ನು ಆರಿಸೋಣ ಎಂದೆ. 4 ದಾರಿ. ಉಳಿದ 8 ಜನರಲ್ಲಿ ಯಾರಾದರೂ ಇಬ್ಬರು, 28 ದಾರಿ. ಗುಣಿಸಿದರೆ 112. ಬೋರ್ಡಿನಲ್ಲಿ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಕಲ್ಯಾಣ್‌ನಿಂದ ಬರುವ ಹುಡುಗಿಯೊಬ್ಬಳಿದ್ದಾಳೆ, ಮನೆಮಾತು ಕನ್ನಡ. ಕ್ಲಾಸು ಬಿಟ್ಟ ಮೇಲೆ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಸರ್, ಷರತ್ತೇ ಇಲ್ಲದೆ 9 ಜನರಲ್ಲಿ ಮೂವರನ್ನು ಆರಿಸಿದ್ರೂ 84 ತಾನೆ? ಷರತ್ತು ಹಾಕಿದ ಮೇಲೆ ಜಾಸ್ತಿ ಹೇಗಾಯ್ತು?”

ಎಲ್ಲರೆದುರು ಕೇಳಲಿಲ್ಲವಲ್ಲ, ಪುಣ್ಯಾತ್ಗಿತ್ತಿ.

ಸೂತ್ರ ಬದಿಗಿಟ್ಟು ಹೆಸರು ಬರೆದೆವು. ಶಾರದಕ್ಕ, ವಸಂತಿ, ರಾಜೀವ. ಶಾರದಕ್ಕನನ್ನು ಮೊದಲು ಕರೆದು ವಸಂತಿಯನ್ನು ಆಮೇಲೆ ಸೇರಿಸಿದರೂ ಇದೇ ಸಮಿತಿ. ವಸಂತಿಯಿಂದ ಶುರು ಮಾಡಿದರೂ ಇದೇ. ನನ್ನ ಲೆಕ್ಕದಲ್ಲಿ ಇದು ಎರಡು ಸಲ ಹಾಜರಿ ಹಾಕಿತ್ತು. ಒಬ್ಬರೇ ಹೆಂಗಸಿರುವ ಸಮಿತಿಗಳು 40, ಅವು ಒಂದೊಂದೇ ಸಲ ಬಂದಿವೆ. ಇಬ್ಬರಿರುವವು 30, ಎರಡೆರಡು ಸಲ. ಮೂವರೂ ಹೆಂಗಸರೇ ಆದವು 4, ಮೂರು ಮೂರು ಸಲ. 40, 60, 12. ಕೂಡಿದರೆ ಸರಿಯಾಗಿ 112! ಉತ್ತರ ಆಗಬೇಕಾದ್ದು 74. ಬರೀ ಗಂಡಸರ ಸಮಿತಿ 10, ಅದನ್ನು 84ರಲ್ಲಿ ಕಳೆದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಈಗಿನ ಜಿಮ್ಯಾಟ್‌ನಲ್ಲಿ 45 ನಿಮಿಷಕ್ಕೆ 21 ಗಣಿತದ ಪ್ರಶ್ನೆ, ಆ ಭಾಗಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಅರ್ಧ ನಿಮಿಷ ಅಂದರೆ ಸಣ್ಣದೇನಲ್ಲ.

“ಎರಡೆರಡು ಸಲ ಬಂದ್ರೆ ಭಾಗಿಸಿಬಿಡ್ತೀವಲ್ವಾ ಸರ್, ಇಲ್ಯಾಕೆ ಆಗಲ್ಲ?” ಎಂದಳು. ಆಗ ನನಗೆ ಅಚ್ಚುಕಟ್ಟಾಗಿ ಹೇಳಲು ಬರಲಿಲ್ಲ. ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಎದುರಿಗೇ ಬೋರ್ಡು, ಇಂಗ್ಲಿಷಿನಲ್ಲಿ ದಾದರ್. ಡಿ, ಎ, ಡಿ, ಎ, ಆರ್. ಐದು ಅಕ್ಷರ ಅದಲು ಬದಲು ಮಾಡಿದರೆ 120. ಡಿ ಎರಡು, ಎ ಎರಡು. ಹಾಗಾಗಿ ಯಾವ ಜೋಡಣೆ ತೆಗೆದುಕೊಂಡರೂ ತಪ್ಪದೆ 4 ಸಲ ಬಂದಿರುತ್ತದೆ. ಎಲ್ಲದಕ್ಕೂ ಒಂದೇ ಲೆಕ್ಕ, ಆದ್ದರಿಂದ 4ರಿಂದ ಭಾಗಿಸಿ 30 ಅನ್ನಬಹುದು. ಸಮಿತಿಯಲ್ಲಿ ಹಾಗಿಲ್ಲ. ಒಂದು ಒಂದೇ ಸಲ ಬಂದಿದೆ, ಇನ್ನೊಂದು ಮೂರು ಸಲ. ಯಾವುದರಿಂದ ಭಾಗಿಸುವುದು?

ಮರುದಿನ ಕ್ಲಾಸಿನಲ್ಲಿ ಮೊದಲು ಬರೆದದ್ದು ಆ 112. ತಪ್ಪು ನನ್ನದು ಎಂದೇ ಶುರು ಮಾಡಿದೆ. ‘ಕ್ರಮ ಮುಖ್ಯವೋ ಅಲ್ಲವೋ’ ಎಂಬ ಹಳೆಯ ಪ್ರಶ್ನೆಯನ್ನು ನಾನೀಗ ಎರಡನೆಯದಾಗಿ ಕೇಳುತ್ತೇನೆ. ಮೊದಲು ಕೇಳುವುದು, ಒಂದು ಸಮಿತಿ ಹೆಸರು ಹಿಡಿದು ಹೇಳಿ, ಅದು ನಿಮ್ಮ ಲೆಕ್ಕದಲ್ಲಿ ಎಷ್ಟು ಸಲ ಬಂದಿದೆ?

ಮೊನ್ನೆ ಆ ಹುಡುಗಿಯ ಮೆಸೇಜ್ ಬಂತು. “ಕಲ್ಯಾಣ್ 360 ಸರ್, ಎ ಎರಡು ಸಲ ಇದೆ. ಟ್ರೇನ್ 20 ನಿಮಿಷ ಲೇಟು, ಸುಮ್ನೆ ಕೂತು ಎಣಿಸಿದೆ.”