ಆಮೇರಿನ ಅಚ್ಚಿನ ಮನೆಗೆ ಹೋಗುವವರಿಗೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಕಸುಬು ನನ್ನದು. ನೀಲಿ ಬಣ್ಣದ ವಿಷಯದಲ್ಲಿ ನನಗೆ ಹೊಸದಾಗಿ ಹೇಳಿಕೊಡುವವರಿಲ್ಲ ಎಂಬ ಜಂಬವಿತ್ತು. ಜೈಪುರದಿಂದ 11 ಕಿಲೋಮೀಟರ್ ದೂರದ ಆಮೇರಿನಲ್ಲಿ, ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವ ಕಲೆಯನ್ನು ತೋರಿಸುವ ಅನೋಖಿ ಕೈಮುದ್ರಣ ಮ್ಯೂಸಿಯಂ ನೋಡಿದ ಮೇಲೆ ಅದು ಇಳಿಯಿತು.

ನಾವು ಹೋದದ್ದು ರಾತ್ರಿ ಬಸ್ಸಿನಲ್ಲಿ ಹೈದರಾಬಾದಿಗೆ, ಅಲ್ಲಿಂದ ವಿಮಾನದಲ್ಲಿ. ಜೈಪುರದ ಹವಾಮಹಲ್ ಬಳಿ ಆಮೇರಿಗೆ ಸಿಟಿ ಬಸ್ ಸಿಗುತ್ತದೆ. ನಾವು ಆಟೊ ಹತ್ತಿ ಕೆಟ್ಟೆವು. ‘ಮ್ಯೂಸಿಯಂ’ ಎಂದು ಚಾಲಕ ಇಳಿಸಿದ್ದು ಒಂದು ಸೀರೆ ಅಂಗಡಿಯ ಮುಂದೆ! ಬಾಗಿಲಲ್ಲಿ ಎರಡು ಅಚ್ಚು ಒತ್ತಿ ತೋರಿಸಿ, ಒಳಗೆ ಒಂದು ಗಂಟೆ ಸೀರೆ ಬಿಡಿಸಿ ಹಾಸಿದರು. ನೀವು ಮ್ಯೂಸಿಯಂ ಇರುವ ಜಾಗದ ಹೆಸರನ್ನು, ‘ಖೇರಿ ಗೇಟ್’ ಎಂದೇ ಹೇಳಿ. ಆಮೇರ್ ಕೋಟೆ ನೋಡಿ ನಡೆದುಕೊಂಡೂ ಹೋಗಬಹುದು. ಸೋಮವಾರ ರಜೆ. ಬಿರುಬೇಸಿಗೆಯಲ್ಲಿ ಕೆಲವು ವಾರ ಪೂರ್ತಿ ಮುಚ್ಚಿರುತ್ತಾರೆ, ಆದ್ದರಿಂದ ಮಕ್ಕಳ ರಜೆಗೆ ಹೊರಡುವವರು ಮೊದಲೇ ವಿಚಾರಿಸಿಕೊಳ್ಳಿ.

ಕಟ್ಟಡ ಹಳೆಯ ಹವೇಲಿ, ಅಂದರೆ ದೊಡ್ಡ ಮನೆ. ‘ಚನ್ವರ್ ಪಾಲ್ಕಿವಾಲೋಂ ಕಿ ಹವೇಲಿ’ ಎಂಬ ಹೆಸರಿನಲ್ಲೇ ಚಾಮರ, ಪಲ್ಲಕ್ಕಿಗಳಿವೆ. ಪಾಳುಬಿದ್ದದ್ದನ್ನು ಎತ್ತಿ ನಿಲ್ಲಿಸಿದ್ದಕ್ಕೆ 2000ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಮ್ಯೂಸಿಯಂ ತೆರೆದದ್ದು 2005ರಲ್ಲಿ.

ಒಳಗೆ ಹೋದವರು ಮೊದಲು ಅಚ್ಚು ಕೊರೆಯುವವರನ್ನೂ ಒತ್ತುವವರನ್ನೂ ನೋಡಿ, ಬಟ್ಟೆಗಳನ್ನು ಆಮೇಲೆ ನೋಡಿ. ನಾವು ತಿರುಗುಮುರುಗಾಗಿ ನೋಡಿದ್ದರಿಂದ ಎರಡು ಸಲ ಸುತ್ತಬೇಕಾಯಿತು. ಅಚ್ಚನ್ನು ತಿರುಗಿಸಿ ನೋಡಿದರೆ ಮರದಲ್ಲಿ ಸಣ್ಣ ಸಣ್ಣ ತೂತುಗಳು. ಒತ್ತುವಾಗ ಗಾಳಿ ಹೊರಹೋಗಲು. ಗೆರೆಗೆ ಒಂದು ಅಚ್ಚು, ಅದಕ್ಕೆ ರೇಖ್ ಎನ್ನುತ್ತಾರೆ. ಒಳಗೆ ಬಣ್ಣ ತುಂಬುವ ಅಚ್ಚಿಗೆ ದತ್ತಾ. ಮುಷ್ಟಿಯಿಂದ ಒಂದೇ ಗುದ್ದು, ಮುಂದಿನ ಹೂವು ಹಿಂದಿನದರ ಪಕ್ಕಕ್ಕೆ ಕೂದಲೆಳೆಯ ಅಂತರದಲ್ಲಿ ಬಂದು ಕೂರುತ್ತದೆ.

ದಾಬು, ಅಂದರೆ ಕೆಸರಿನ ಅಚ್ಚು ಒತ್ತಿ ಬಣ್ಣ ಹಾಕಿದ ಬಟ್ಟೆಗಳ ಮುಂದೆ ಹೆಚ್ಚು ಹೊತ್ತು ನಿಂತೆ. ಕೆಸರು, ಸುಣ್ಣ, ಗೋಂದು, ಹುಳು ತಿಂದ ಗೋಧಿಯ ಪುಡಿ ಕಲಸಿ ಅಚ್ಚಿನಿಂದ ಒತ್ತಿ, ಮೇಲೆ ಮರದ ಹೊಟ್ಟು ಉದುರಿಸುತ್ತಾರೆ. ನೀಲಿಯಲ್ಲಿ ಅದ್ದಿ ತೆಗೆದ ಬಟ್ಟೆ ಮೊದಲು ಹಸಿರು, ಗಾಳಿ ತಾಗಿದ ಹಾಗೆ ನೀಲಿ. ಕೆಸರು ಮೆತ್ತಿದ ಜಾಗ ಮಾತ್ರ ಬಿಳಿ. ಬಣ್ಣ ಹಾಕಿದ ಮೇಲೆ ಉಜ್ಜಿ ಬಿಳಿ ತರಿಸುವುದು ನಮ್ಮ ಜೀನ್ಸಿನ ರೀತಿ, ಬಣ್ಣ ಹತ್ತದಂತೆ ಮೊದಲೇ ತಡೆಯುವುದು ಅವರದು. ಕಪ್ಪು ಬಣ್ಣಕ್ಕೆ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ, ಹುಣಸೆ ಬೀಜದ ಪುಡಿಯಿಂದ ಗಟ್ಟಿ ಮಾಡುತ್ತಾರೆ. ಕಬ್ಬಿಣ, ಹುಣಸೆ ಎರಡಕ್ಕೂ ನಮ್ಮ ಸೀಮೆಯಲ್ಲಿ ಬರವಿಲ್ಲ.

ಜೈಪುರದ ಪೇಟೆಯಲ್ಲಿ ಬಟ್ಟೆ ಕೊಳ್ಳುವವರು ಅಚ್ಚು ಅಚ್ಚಿಗೆ ಸೇರುವ ಕಡೆ ಕಣ್ಣಿಡಿ. ಎಲ್ಲಿಯೂ ಒಂದೆಳೆ ಹೆಚ್ಚುಕಡಿಮೆ ಇಲ್ಲದಿದ್ದರೆ ಅದು ಕೈಯಚ್ಚೇ ಎಂದು ಅನುಮಾನಿಸಿ. ನಾನೇ ಒಂದು ಕರವಸ್ತ್ರಕ್ಕೆ ಅಚ್ಚು ಒತ್ತಿದ್ದೆ. ಹೆಂಡತಿ ಅದನ್ನು ಬಿಡಿಸಿ, “ಇದು ಕೈಯಚ್ಚೇ, ಯಾರೂ ಅನುಮಾನಪಡುವುದಿಲ್ಲ ಬಿಡಿ” ಎಂದಳು.