ಪಾಸ್ ಔಟ್ ಆದವಳೂ, ನಕ್ಕವರೂ

ಅಕ್ಕನ ಮಗಳಿಗೆ ಈ ಸೋಮವಾರ ಆನ್‌ಲೈನ್ ಇಂಟರ್‌ವ್ಯೂ ಇತ್ತು. ತೀರ್ಥಹಳ್ಳಿ ಕಡೆಯ ಅವರ ಊರಲ್ಲಿ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕು. ಹಾಗಾಗಿ ಹಿಂದಿನ ದಿನವೇ ಶಿವಮೊಗ್ಗಕ್ಕೆ ನಮ್ಮನೆಗೆ ಬಂದಿದ್ದಳು. ಭಾವನೂ ಜೊತೆಗಿದ್ದರು. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಬೇಕು, ಅದಕ್ಕೆ ಮೈಲುತುತ್ತ ಒಯ್ಯಬೇಕು ಅಂತ ನೆಪ.

ಪಕ್ಕದ ಕೋಣೆಯಲ್ಲಿದ್ದ ನನಗೆ ಎಲ್ಲಾ ಕೇಳಿಸುತ್ತಿತ್ತು. ನಿನ್ನ ಬಗ್ಗೆ ಹೇಳು ಅಂದರು. ಬಿ.ಕಾಂ., ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, 'ಐ ಪಾಸ್ಡ್ ಔಟ್ ಇನ್ 2024' ಅಂದಳು. ಆ ಕಡೆಯಿಂದ ಜೋರು ನಗು. 'ಅಯ್ಯೋ, ಆಮೇಲೆ ಯಾರಾದ್ರೂ ಎಬ್ಬಿಸಿದ್ರಾ?' ಅಂತ ಒಬ್ಬ ಇಂಗ್ಲಿಷಿನಲ್ಲಿ ಕೇಳಿದ. ಜೊತೆಗಿದ್ದವಳೂ ನಕ್ಕಳು. ಏನೂ ಅರ್ಥವಾಗದೆ ನಮ್ಮ ಹುಡುಗಿಯೂ ನಕ್ಕಳು.

ಅವಳು ನಕ್ಕಿದ್ದೇ ನನಗೆ ಚುಚ್ಚಿದ್ದು.

'ಮಾವ, ಅವರು ಯಾಕೆ ನಕ್ಕಿದ್ದು?' ಹೊರಗೆ ಬಂದವಳೇ ಕೇಳಿದಳು. ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪಿ ಬೀಳೋದು ಅಂತಲೂ ಅರ್ಥ ಇದೆ, ಹೊರದೇಶದವರಿಗೆ ಮೊದಲು ನೆನಪಾಗೋದೇ ಅದು ಅಂದೆ. ಬಿಸಿಲಿಗೋ ಹಸಿವಿಗೋ ಬೀಳಬಹುದು, ಜಾಸ್ತಿ ಕುಡಿದೂ ಬೀಳಬಹುದು. ಅವಳ ಮುಖ ಸಣ್ಣದಾಯಿತು. ಭಾವ ಮಾತ್ರ ಒಪ್ಪಲಿಲ್ಲ. 'ಪಾಸ್ ಆದ್ಲು, ಕಾಲೇಜಿಂದ ಔಟ್ ಆದ್ಲು. ಪಾಸ್ ಔಟ್ ಅಲ್ದೆ ಇನ್ನೇನೋ ಅದು?' ಭಾವ ಇಂಗ್ಲಿಷ್ ಪೇಪರ್ ಓದುವವರಲ್ಲ. ಆದರೂ ಈ ಮಾತು ನಮ್ಮ ಕಡೆ ಇಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ.

ಹಾಗಂತ ನಾವು ಗಾಳಿಯಲ್ಲಿ ಹುಟ್ಟಿಸಿದ್ದೂ ಅಲ್ಲ. ಬ್ರಿಟಿಷ್ ಸೇನೆಯಲ್ಲಿ ತರಬೇತಿ ಮುಗಿಸುವುದಕ್ಕೆ ಪಾಸ್ ಔಟ್ ಅಂತಲೇ ಹೇಳುತ್ತಾರೆ. ಖಡಕ್‌ವಾಸ್ಲಾದಲ್ಲಿ, ಡೆಹ್ರಾಡೂನಿನಲ್ಲಿ ನಮ್ಮ ಸೇನಾ ಅಕಾಡೆಮಿಗಳಿಂದ ಕೆಡೆಟ್‌ಗಳು ಹೊರಬರುವಾಗ ಪಾಸಿಂಗ್ ಔಟ್ ಪರೇಡ್ ನಡೆಯುತ್ತದಲ್ಲ, ಅದೇ. ಅಲ್ಲಿ ಯಾರೂ ನಗೋದಿಲ್ಲ. ಸಮವಸ್ತ್ರ ಹಾಕಿದವರು ಹೇಳಿದರೆ ಗಾಂಭೀರ್ಯ, ಶಂಕರಘಟ್ಟದ ಡಿಗ್ರಿ ಹಿಡಿದವಳು ಹೇಳಿದರೆ ಜೋಕು. ಅಮೆರಿಕದ ಮೇಷ್ಟ್ರು ಪ್ರಶ್ನೆಪತ್ರಿಕೆ ಹಂಚಿದರೆ ಅದೂ ಪಾಸ್ ಔಟೇ. 'ಔಟ್' ಬಿಟ್ಟು 'ಅವೇ' (away) ಹಾಕಿ 'ಪಾಸ್ ಅವೇ' ಅಂದಿರೋ, ಮನುಷ್ಯನೇ ಹೋಗಿಬಿಟ್ಟ!

ನಮ್ಮಲ್ಲೂ ಅಷ್ಟೇ ಅಲ್ವಾ. 'ಅಜ್ಜ ಹೋದರು' ಅಂದರೆ ಎಲ್ಲಿಗೆ, ಪೇಟೆಗಾ ಅಂತ ಕೇಳಬಹುದು. 'ಅಜ್ಜ ಹೋಗಿಬಿಟ್ಟರು' ಅಂದರೆ ಯಾರೂ ಹಾಗೆ ಕೇಳೋದಿಲ್ಲ. ಬೆಂಗಳೂರಲ್ಲಿ ಕನ್ನಡ ಕಲಿಯುವವರು ಇಂಥದ್ದು ಎಡವಟ್ಟು ಮಾಡಿದರೆ ನಾವು ತಿದ್ದುತ್ತೇವೆ, ಖುಷಿಯೂ ಪಡುತ್ತೇವೆ. ಕೆಲಸ ಕೇಳಿಕೊಂಡು ಬಂದವಳ ಇಂಗ್ಲಿಷಿಗೆ ಮಾತ್ರ ಆ ದಯೆ ಇಲ್ಲ. ಎಬ್ಬಿಸಿದ್ರಾ ಅಂತ ಕೇಳಿದವನು ಲಂಡನ್ನಿನವನೇನೂ ಅಲ್ಲ. ಮಧ್ಯೆ ಯಾರಿಗೋ 'ಒಂದ್ನಿಮ್ಷ ಇರೋ' ಅಂದದ್ದು ನನ್ನ ಕಿವಿಗೇ ಬಿದ್ದಿದೆ. ಬಹುಶಃ ಅವನಿಗೂ ಎಲ್ಲೋ, ಯಾರೋ, ಹೀಗೇ ನಕ್ಕು ಕಲಿಸಿರಬೇಕು. ಕಲಿತದ್ದರಲ್ಲಿ ನಗುವನ್ನು ಮಾತ್ರ ಚೆನ್ನಾಗಿ ಇಟ್ಟುಕೊಂಡಿದ್ದಾನೆ.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದೇ. 'ಮಾವ, ಇದು ನೋಡಿ' ಅಂತ ಮೊಬೈಲ್ ಮುಂದೆ ಹಿಡಿದಳು. ಅದೇ ಕಂಪನಿಯವರು ಹಾಕಿದ್ದ ಜಾಹೀರಾತು. ಯಾರು ಅರ್ಜಿ ಹಾಕಬಹುದು ಅನ್ನುವ ಕಡೆ ದಪ್ಪ ಅಕ್ಷರದಲ್ಲಿದೆ: '2024, 2025 ಪಾಸ್ ಔಟ್ಸ್ ಓನ್ಲಿ'.

ಭಾವ ನಕ್ಕರು ನೋಡಿ, ಸಾರು ನೆತ್ತಿಗೇರಿತು. 'ಹಂಗಾರೆ ಬಿದ್ದೋರಿಗೆ ಮಾತ್ರ ಕೆಲಸ' ಅಂದರು. ಬೆಳಗಿನಿಂದ ಮುಖ ಊದಿಸಿಕೊಂಡಿದ್ದವಳು ಆಗ ನಕ್ಕಳು, ಈ ಸಲ ಅರ್ಥವಾಗಿಯೇ.

ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆಯಂತೆ. ಪಾಸ್ ಔಟ್ ಬೇಡ, ಗ್ರಾಜುಯೇಟೆಡ್ ಅನ್ನು, ಎಲ್ಲಾ ಕಡೆ ನಡೆಯುತ್ತೆ ಅಂದೆ.

'ಅವರೇ ಯಾವಾಗ ಪಾಸ್ ಔಟ್ ಆದೆ ಅಂತ ಕೇಳಿದ್ರೆ?'

'ನಗಬೇಡ ಮಾರಾಯ್ತಿ, ಇಸವಿ ಹೇಳು.'